ಇನ್ನೂ ಮೂವರು ಗದ್ದೆಪ್ಪ

"ನನಗ ಇನ್ನೂ ಮೂರು ಮಂದಿ ಗದ್ದೆಪ್ಪ ಬೇಕು," ಎಂದ ನರಸಣ್ಣ, ಕುರ್ಚಿಗೆ ಒರಗುವ ಮುಂಚೆಯೇ.

ಕುರ್ಚಿ ಬೆಚ್ಚಗಿತ್ತು. ಈಗಷ್ಟೇ ಯಾರೋ ಎದ್ದು ಹೋಗಿದ್ದರು. ಅದನ್ನೆಲ್ಲ ಯೋಚಿಸುವ ಪುರಸೊತ್ತು ನರಸಣ್ಣನಿಗಿರಲಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಊರಿನ ಸಂತೆ ವ್ಯಾಪಾರಿಗಳ ಸಂಘಕ್ಕೆ ಹನ್ನೆರಡು ವರ್ಷದಿಂದ ಅವನೇ ಅಧ್ಯಕ್ಷ. ಈ ಸಲ ಸಿಂಧನೂರಿನ ಗದ್ದೆಪ್ಪ ಎದುರು ನಿಂತಿದ್ದ. ಅಧ್ಯಕ್ಷಗಿರಿ ಹೋದರೆ ಲಿಂಗಸುಗೂರಿನಲ್ಲಿ ತನ್ನನ್ನು ಯಾರೂ ಚಹಾಕ್ಕೂ ಕರೆಯುವುದಿಲ್ಲ ಎಂಬ ಭಯ ಅವನನ್ನು ಕಾಡುತ್ತಿತ್ತು.

ಸಂಘದ ಮತಪತ್ರದಲ್ಲಿ ಚಿಹ್ನೆಯಿಲ್ಲ, ಊರಿಲ್ಲ, ಫೋಟೋ ಇಲ್ಲ. ಬರೀ ಹೆಸರು. ಅದೇ ಹೆಸರಿನ ಮೂವರನ್ನು ಜೊತೆಗೆ ನಿಲ್ಲಿಸಿದರೆ ಗದ್ದೆಪ್ಪನ ಮತ ಒಡೆದು ನಾಲ್ಕು ಪಾಲು. ಅದಕ್ಕೇ ಅವನು ಮಸ್ಕಿ ಸಂತೆ ಬಜಾರದ ‘ಭಾರತಿ ಆನ್‌ಲೈನ್ ಸೆಂಟರ್’ಗೆ ಬಂದಿದ್ದ. ಆ ಅಂಗಡಿಯವರೂ ಸಂಘದ ಸದಸ್ಯರೇ, ಆರುನೂರು ಸದಸ್ಯರ ಪಟ್ಟಿ ಇದ್ದದ್ದೂ ಅಲ್ಲಿನ ಕಂಪ್ಯೂಟರಿನಲ್ಲೇ.

"ಹುಡುಕಾಕ ಬರ್ತೈತೇನು ಭಾರತಮ್ಮ?"

"ಬರ್ತೈತ್ರಿ ಅಧ್ಯಕ್ಷರ. ಇದು ಬರೇ ಅಕ್ಷರ ನೋಡಂಗಿಲ್ಲ, ಕಿವಿಗೆ ಹೆಂಗ ಕೇಳಸ್ತೈತಿ ಅನ್ನೋದೂ ನೋಡ್ತೈತಿ. ಎಷ್ಟು ಹೋಲ್ತೈತೋ ಅಷ್ಟು ಮಾರ್ಕ್ಸ್ ಕೊಡ್ತೈತಿ." ಕೌಂಟರಿನ ಹೆಂಗಸು ಹೆಸರು ಒತ್ತಿದಳು.

ಎದುರು ನಿಂತ ಗದ್ದೆಪ್ಪ, ನೂರಕ್ಕೆ ನೂರು. ಇನ್ನೊಬ್ಬ ಗದ್ದೆಪ್ಪ, ಅವನಿಗೂ ನೂರು. ಗದ್ದ್ಯಪ್ಪ, ತೊಂಬತ್ತೈದು. ಗಡ್ಡೆಪ್ಪ, ಎಂಬತ್ತೆಂಟು. ತಳದಲ್ಲಿ ಗಾದಿಲಿಂಗ ಮೂವತ್ತಕ್ಕೆ ಫೇಲಾಗಿ ಕುಳಿತಿದ್ದ. ನರಸಣ್ಣ ಮೀಸೆಯಲ್ಲೇ ನಕ್ಕ.

ಅಷ್ಟರಲ್ಲಿ ಬಳೆ ಮಾರುವ ಮುನ್ನಿಬೀ ಬಂದಳು. ಮಾತಿಲ್ಲದೆ ಕೌಂಟರು ದಾಟಿ ಹಿತ್ತಲಿಗೆ ಹೋದಳು, ತುಸು ಹೊತ್ತಿಗೆ ಹಾಗೇ ಹೊರಟಳು. ಹಿಂದೆಯೇ ಕೊತ್ತಂಬರಿ ಮಾರುವವರು ಇಬ್ಬರು. ಯಾರ ಕೈಯಲ್ಲೂ ಒಂದು ಕಾಗದವಿಲ್ಲ. ಇಂಥ ಗಿರಾಕಿಗಳನ್ನು ನಂಬಿಕೊಂಡು ಈಕೆ ಅಂಗಡಿ ಹೇಗೆ ನಡೆಸುತ್ತಾಳೋ ಎಂದು ನರಸಣ್ಣನಿಗೆ ಮರುಕವಾಯಿತು.

"ಸಂತಿ ಬಜಾರದಾಗ ಹೆಂಗಸರಿಗೆ ಶೌಚಾಲಯ ಕಟ್ಟಸ್ತೀನಿ ಅಂದಿದ್ರಿ, ಹೋದ ಚುನಾವಣ್ಯಾಗ," ಎಂದಳು ಆಕೆ, ಪರದೆಯಿಂದ ಕಣ್ಣು ತೆಗೆಯದೆ.

"ಗೆದ್ದ ಮ್ಯಾಲ ನೋಡಾಣ ತಗಿ."

"ಆತ್ರಿ. ಗೆದ್ದ ಮ್ಯಾಲ ನೋಡಾಣ."

"ಎಲ್ಲಾರ ಹೆಸರಿಗೂ ಹಿಂಗ ಜೋಡಿ ಸಿಗ್ತಾವೇನು?"

"ಇಲ್ರಿ. ಕೆಲವ್ರ ಹೆಸರು ಹಾಕಿದ್ರ ಒಬ್ರೂ ಬರಂಗಿಲ್ಲ."

"ಪಾಪ," ಎಂದ ನರಸಣ್ಣ.

ಅವನು ಕೇಳಿದ್ದು ಮೂರು ನಾಮಪತ್ರ. ಪ್ರಿಂಟರಿನಿಂದ ಬಂದದ್ದು ನಾಲ್ಕು. ನಾಲ್ಕನೆಯದನ್ನು ಆಕೆ ಮಡಚಿ ಡ್ರಾವರಿಗೆ ಹಾಕಿದಳು.

ತಲೆಗೊಂದು ಹೊಸ ಕೊಡೆ ಕೊಟ್ಟದ್ದಕ್ಕೆ ಆ ಮೂವರು ಗದ್ದೆಪ್ಪರೂ ಕುಣಿಯುತ್ತ ಸಹಿ ಹಾಕಿದರು. ವಾರದ ಮೇಲೆ ಅಭ್ಯರ್ಥಿಗಳ ಪಟ್ಟಿ ಹಚ್ಚಿದರು. ಮೇಲೆ ನಾಲ್ವರು ಗದ್ದೆಪ್ಪ. ನರಸಣ್ಣನ ಮುಖ ಅರಳಿತು. ಅದರ ಕೆಳಗೆ ನಾಲ್ವರು ನರಸಣ್ಣ. ಅರಳಿದ ಮುಖ ಅಲ್ಲೇ ಬಾಡಿತು. ತಳದಲ್ಲಿ ಯಾರೋ ಶೇಖರಮ್ಮ.

ಮುಂದಿನ ಬಸ್ಸಿಗೇ ಅವನು ಮಸ್ಕಿಗೆ ಓಡಿದ.

"ಗದ್ದೆಪ್ಪನೂ ಇಲ್ಲಿಗೆ ಬಂದಿದ್ನೇನು?"

"ಅಂಗಡಿ ಎಲ್ಲಾರಿಗೂ ತೆರದಿರ್ತೈತ್ರಿ. ಅವತ್ತು ನಿಮಗಿಂತ ಹತ್ತು ನಿಮಿಷ ಮೊದಲ ಬಂದಿದ್ರು."

ಬೆಚ್ಚಗಿದ್ದ ಕುರ್ಚಿ ಈಗ ನೆನಪಾಯಿತು. ನರಸಣ್ಣ ಹಣೆ ಒರೆಸಿಕೊಂಡ. "ಆ ಶೇಖರಮ್ಮ ಯಾರು? ಆಕಿನೂ ಇಲ್ಲಿಗೆ ಬರ್ತಾಳೇನು?"

"ದಿನಾ ಬರ್ತಾಳ್ರಿ."

"ಪ್ರಚಾರ ಮಾಡಾಕತ್ತಾಳೇನು?"

"ಎಲ್ಲಿಗೂ ಹೋಗಿ ಓಟು ಕೇಳಿಲ್ರಿ."

"ಹಂಗಾರ ಬಿಡು," ಎಂದ ನರಸಣ್ಣ. ಅವನ ಲೆಕ್ಕದಲ್ಲಿ ಈಗ ಉಳಿದವನು ಗದ್ದೆಪ್ಪನೊಬ್ಬನೇ. ಇಬ್ಬರ ಮತವೂ ಒಡೆಯುತ್ತದೆ, ಯಾರದು ಕಡಿಮೆ ಒಡೆಯುತ್ತದೋ ಅವರ ಪುಣ್ಯ.

ಮಸ್ಕಿ ಸಂತೆಯ ದಿನವೇ ಸಂಘದ ಕಚೇರಿಯಲ್ಲಿ ಮತ ಎಣಿಕೆ. ಅಸಲಿ ನರಸಣ್ಣನಿಗೆ ಎಂಬತ್ತೊಂದು, ಉಳಿದ ಮೂವರು ನರಸಣ್ಣರಿಗೆ ನೂರ ಇಪ್ಪತ್ಮೂರು. ಅಸಲಿ ಗದ್ದೆಪ್ಪನಿಗೆ ಎಂಬತ್ತೆಂಟು, ಮಿಕ್ಕ ಮೂವರಿಗೆ ನೂರ ಇಪ್ಪತ್ತೈದು. ಹೊಸ ಕೊಡೆಯವರು ಕೊಡೆ ಬಿಚ್ಚಿಕೊಂಡೇ ಕುಳಿತು ತಮ್ಮ ಮತ ಕೇಳಿ ತಾವೇ ಬೆರಗಾದರು. ಶೇಖರಮ್ಮನಿಗೆ ನೂರ ಎಪ್ಪತ್ತಾರು.

ನರಸಣ್ಣನಿಗೆ ಅಳು ಬಂದಂತಾಯಿತು. ಹಾರ ಹಿಡಿದ ಮುನ್ನಿಬೀ ಒಳಗೆ ಬಂದಳು. ಅವಳ ಹಿಂದೆ ಕೊತ್ತಂಬರಿಯವರು, ಹೂವಿನವರು, ಸಂತೆಯ ಹೆಂಗಸರೆಲ್ಲ. ಗುಂಪಿನ ನಡುವೆ ಒಂದು ಪರಿಚಯದ ಮುಖ ಕಂಡಿತು.

"ಭಾರತಮ್ಮ, ನೀ ಒಂಚೂರು ಸರಿಯವ್ವ," ಎಂದ ಸೋತ ದನಿಯಲ್ಲಿ. "ಗೆದ್ದಾಕಿ ಬರ್ಲಿ."

ಆಕೆ ಸರಿಯಲಿಲ್ಲ. ಮುನ್ನಿಬೀ ಹಾರವನ್ನು ಆಕೆಯ ಕೊರಳಿಗೇ ಹಾಕಿದಳು. "ಯಕ್ಕಾ, ಇನ್ನ ನಿನ್ನ ಹಿತ್ತಲದ ಪಾಯಖಾನಿ ಮುಂದ ನಾವು ಪಾಳಿ ನಿಂದ್ರೋದು ತಪ್ಪಿತು."

"ಭಾರತಿ ನನ್ನ ಮಗಳ್ರಿ, ಬೋರ್ಡು ಆಕಿ ಹೆಸರಿಲೆ ಐತಿ," ಎಂದಳು ಶೇಖರಮ್ಮ. "ಗೆದ್ದ ಮ್ಯಾಲ ನೋಡಾಣ ಅಂದಿದ್ರಲ್ಲ, ಜಾಗ ನೋಡಾಣ ಬರ್ರಿ."