ಚಿಟ್ಟೆ ಕವರಿನ ಫೋನು

“ಪಾಸ್‌ವರ್ಡ್ ಮರ್ತೋಯ್ತಾ ಯಜಮಾನ್ರೇ?”

“ಊಂ.”

“ಫೋನು ನಿಮ್ದೇನಾ?”

“ನಂದಲ್ದೆ ಇನ್ಯಾರ್ದು?” ಎಂದ ಚಲುವಯ್ಯ. ಆ ನಾಲಿಗೆಗೆ ಸುಳ್ಳಿನ ಅಭ್ಯಾಸ ಕಡಿಮೆ. ಮಾತು ಬೇಕಾದುದಕ್ಕಿಂತ ಗಟ್ಟಿಯಾಗಿಯೇ ಹೊರಬಿತ್ತು.

ಪಿರಿಯಾಪಟ್ಟಣದ ಬಸ್ ನಿಲ್ದಾಣಕ್ಕೆ ಆತುಕೊಂಡಿದ್ದ ಮೊಬೈಲ್ ರಿಪೇರಿ ಅಂಗಡಿ. ಅದರ ಒಡೆಯ ಉಮಾಶಂಕರ ಫೋನನ್ನು ತಿರುವಿ ನೋಡಿದ. ತಿಳಿಗುಲಾಬಿ ಬಣ್ಣದ ಕವರು. ಅದರ ಮೇಲೆ ರೆಕ್ಕೆ ಬಿಚ್ಚಿದ ಚಿಟ್ಟೆ.

“ಚಿಟ್ಟೆ ಸಂದಾಗದೆ,” ಎಂದ, ನಗದೆ. ಬೆಂಚಿನ ಮೇಲೆ ಕಾಯುತ್ತಿದ್ದವನೊಬ್ಬ ಅವನ ಪಾಲಿನದನ್ನೂ ಸೇರಿಸಿ ನಕ್ಕ.

ಫೋನು ಮಗಳು ರಮ್ಯಳದು. ಹುಣಸೂರಿನಲ್ಲಿ ಬಿ.ಎಡ್. ಓದುತ್ತಿದ್ದ ಅವಳು, ಪರೀಕ್ಷೆಯ ಕೊಠಡಿಗೆ ಒಯ್ಯುವಂತಿಲ್ಲವೆಂದು ಬೆಳಿಗ್ಗೆ ಅದನ್ನು ಅಪ್ಪನ ಕೈಗಿತ್ತಿದ್ದಳು.

“ಯಾರಾದ್ರೂ ಫೋನ್ ಮಾಡಿದ್ರೆ ನೋಡ್ಕಪ್ಪ.”

“ಬೀಗ ಜಡಿದಿದ್ದೀಯಲ್ಲವ್ವ. ಪಾಸ್‌ವರ್ಡ್ ಹೇಳೋಗು.”

“ನಿಂಗ್ಯಾಕಪ್ಪ ಪಾಸ್‌ವರ್ಡು?” ಎಂದು ನಕ್ಕು ಬಸ್ಸಿಗೆ ಓಡಿದ್ದಳು.

ಆ ನಗು ಚಲುವಯ್ಯನೊಳಗೆ ಮುಳ್ಳಾಗಿ ಮುರಿದು ಉಳಿಯಿತು. ಹಿಂದಿನ ದಿನವಷ್ಟೇ ದಾಯಾದಿ ಲಿಂಗಣ್ಣ ಬೇಲಿಯಾಚೆಯಿಂದ ಹೇಳಿದ್ದ: “ನಿನ್ ಮಗ್ಳು ಹುಣಸೂರು ಬಸ್‌ಸ್ಟ್ಯಾಂಡಲ್ಲಿ ಫೋನ್ ಕಿವೀಗಿಟ್ಕೊಂಡು ಒಬ್ಳೇ ನಗ್ತಾ ನಿಂತಿದ್ಲು ಕಣ್ಲಾ. ಉಷಾರು.”

ಅಂಥವಳಲ್ಲ ನನ್ನ ಮಗಳು ಎನ್ನಲು ಚಲುವಯ್ಯ ಬಾಯಿ ತೆರೆದಿದ್ದ. ಹೊಗೆಸೊಪ್ಪು ಮುರಿದ ಕೈಗೆ ಅಂಟು ಕರ್ರಗೆ ಕೂತು ಗೆರೆಗಳೇ ಅಳಿಸಿಹೋಗಿ, ರೇಷನ್ ಅಂಗಡಿಯ ಯಂತ್ರ ಅವನನ್ನು ಬರಿಗೈಯಲ್ಲಿ ಹಿಂದಕ್ಕೆ ಕಳಿಸಿದಾಗ, ಜಗಲಿಯ ಮೇಲೆ ಕೂರಿಸಿಕೊಂಡು ಆ ಹೆಬ್ಬೆರಳನ್ನು ನಿಂಬೆಹೋಳಿನಿಂದ ತಿಕ್ಕಿದವಳು ಅವಳು. ಗೆರೆ ಎದ್ದಿತೇ ಎಂದು ತನ್ನ ಫೋನಿನ ಮೇಲೆ ಓರೆಯಾಗಿ, ನೇರವಾಗಿ ಒತ್ತಿಸಿ ಒತ್ತಿಸಿ ನೋಡಿ, “ಅಠಮಾರಿ ಬೆರಳಪ್ಪ ನಿಂದು,” ಎಂದು ಗದರಿದವಳು. ಮರುದಿನ ರೇಷನ್ ಯಂತ್ರ ಮತ್ತೆ ಒಲ್ಲೆನೆಂದಾಗ ಅವನಿಗಿಂತ ಹೆಚ್ಚು ನೊಂದವಳು. ಆದರೂ ಲಿಂಗಣ್ಣನ ಮಾತನ್ನೇ ಮನೆಗೆ ಹೊತ್ತು ತಂದಿದ್ದ. ಕೆ.ಆರ್. ನಗರದ ಕಡೆಯಿಂದ ಗಂಡೊಂದು ಕೇಳಿಬಂದಿತ್ತು. ಫೋನಿನಲ್ಲಿ ಯಾವನದಾದರೂ ಹೆಸರು ಸಿಕ್ಕರೆ ಓದು ಅಲ್ಲಿಗೇ ಮುಗಿಯಿತು, ಮಾಘದಲ್ಲಿ ಮದುವೆ: ರಾತ್ರಿಯೇ ಹಾಗೆಂದು ನಿಶ್ಚಯಿಸಿದ್ದ.

ಗುಟ್ಟು ಕಾಯುವುದರಲ್ಲಿ ಅವಳು ಗಟ್ಟಿಗಿತ್ತಿ. ಬೀದಿಯ ಅರ್ಧ ಜನರ ಪಾಸ್‌ವರ್ಡುಗಳು ಅವಳ ತಲೆಯಲ್ಲೇ ಇದ್ದವು. ಬ್ಯಾಂಕಿಗೆ, ಗ್ಯಾಸಿಗೆ, ಪಿಂಚಣಿಗೆ, ಅವರವರು ಸತ್ತರೂ ಮರೆಯದಂಥದ್ದನ್ನೇ ಆರಿಸಿ ಇಡುತ್ತಿದ್ದಳು. ಎದುರುಮನೆ ಸುಂದ್ರಮ್ಮನಿಗೆ ತವರೂರು. ಅಪ್ಪನಿಗೆ ತೀರಿಹೋದ ಎತ್ತು ಕರಿಯ. ತನ್ನದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಬೆಳಿಗ್ಗೆ ಕೊಟ್ಟಿಗೆಯ ಮರೆಯಲ್ಲಿ ಕೂತು, ತೋರುಬೆರಳಿನಿಂದ ಇಂಗ್ಲಿಷ್ ಅಕ್ಷರಗಳನ್ನು ಹೆಕ್ಕಿ ಹೆಕ್ಕಿ, ಮೊದಲು ಕರಿಯನನ್ನು ಕರೆದ. ಆಮೇಲೆ ಹೆಂಡತಿ ರುಕ್ಮಿಣಿಯನ್ನು. ಆಮೇಲೆ ಮನೆದೇವರನ್ನು. ಪ್ರತಿ ಸಲವೂ ಫೋನು ಒಮ್ಮೆ ಮೈಕೊಡವಿ ಸುಮ್ಮನಾಯಿತು. ಹೆತ್ತ ಮಗಳ ಹೊಸಿಲಲ್ಲಿ ತಾನು ಹೆಸರಿಲ್ಲದ ಪರದೇಶಿ. ಆ ನಾಚಿಕೆ ಸಿಟ್ಟಾಯಿತು. ಸಿಟ್ಟು ಅವನನ್ನು ಬಸ್ಸು ಹತ್ತಿಸಿತು.

“ಲಾಕ್ ತೆಗಿ ಸಾಕು,” ಎಂದ ಈಗ. “ಒಳಗಿರೋದು ಅಳಿಸ್ಬ್ಯಾಡ.”

ಉಮಾಶಂಕರ ಕೈಯಲ್ಲಿದ್ದ ಸಣ್ಣ ಸ್ಕ್ರೂಡ್ರೈವರನ್ನು ಕೆಳಗಿಟ್ಟ. “ಅಳಿಸ್ಬ್ಯಾಡ ಅಂತ ಎಲ್ರೂ ಏಳ್ತಾರೆ. ಬಸ್‌ಸ್ಟ್ಯಾಂಡ್ ಮಗ್ಗುಲು ಅಂಗ್ಡಿ ಇದು, ಯಜಮಾನ್ರೇ. ಕದ್ದ ಫೋನೂ ಬತ್ತವೆ. ಆಮೇಲೆ ಸ್ಟೇಷನ್ನಿಗೆ ಓಡಾಡೋನು ನಾನು. ತಗಳಿ, ಈ ಗುರ್ತಿನ ಮ್ಯಾಲೆ ಬೆರಳಿಡಿ. ನಿಮ್ದೇ ಆದ್ರೆ ತಾನಾಗೇ ತೆಗೀತದೆ.”

ಚಲುವಯ್ಯ ಕೈಯನ್ನು ಹಿಂದಕ್ಕೆಳೆದುಕೊಂಡ. “ನನ್ ಬೆರಳು ಯಾವ ಮಿಷನ್ನೂ ಒಪ್ಪಾಕಿಲ್ಲ ಕಣಪ್ಪ. ರೇಷನ್ ಅಂಗ್ಡೀಲೂ ಅಷ್ಟೇ.” ಅಂಗಡಿಗೆ ಕಾಲಿಟ್ಟ ಮೇಲೆ ಅವನಾಡಿದ ಮೊದಲ ನಿಜ ಅದು.

“ಸೊಪ್ಪಿನ ಅಂಟು ತಾನೇ? ಕೊಡಿ ಇಲ್ಲಿ.” ಉಮಾಶಂಕರ ಬಟ್ಟೆಯ ಚೂರನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅವನ ಹೆಬ್ಬೆರಳನ್ನು ಹಿಡಿದು ಉಜ್ಜಿದ. ಬಟ್ಟೆ ಕಪ್ಪಾಯಿತು.

“ಬೇಡ ಬುಡು... ಇನ್ನೊಂದಿನ ಬತ್ತೀನಿ.”

“ಎದ್ರುಕೊಂಡವ್ರೆ ಕಣ್ರೀ,” ಎಂದ ಬೆಂಚಿನವನು. “ಚಿಟ್ಟೆ ಆರೋಯ್ತದೆ ಅಂತ!”

ಆಚೆ ನಿಂತಿದ್ದವರೂ ಈಗ ಇಣುಕಿದರು. ಫೋನು ಉಮಾಶಂಕರನ ಕೈಯಲ್ಲಿತ್ತು. ಅವನ ಕಣ್ಣು ರಸ್ತೆಯಾಚೆ ನಿಂತಿದ್ದ ಪೊಲೀಸಿನವನ ಕಡೆಗಿತ್ತು.

ಮಗಳದ್ದು ಎಂದು ಒಪ್ಪಿಕೊಂಡರೆ, ಹೆತ್ತ ಮಗಳ ಬಾಳಿಗೆ ಕನ್ನ ಹಾಕಲು ಬಂದ ಅಪ್ಪ. ನನ್ನದೇ ಎಂದು ನಿಂತರೆ, ಇನ್ನೊಂದು ಗಳಿಗೆಯಲ್ಲಿ ಬರೀ ಫೋನು ಕದ್ದ ಕಳ್ಳ. ಎರಡರಲ್ಲಿ ಕಳ್ಳನಾಗುವುದೇ ಮೇಲೆನಿಸಿತು ಚಲುವಯ್ಯನಿಗೆ. ಕಣ್ಣು ಮುಚ್ಚಿ ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತಿದ.

ಯಾರೂ ಬೈಯಲಿಲ್ಲ. ಯಾರೂ ಕೊರಳಪಟ್ಟಿಗೆ ಕೈ ಹಾಕಲಿಲ್ಲ.

“ತಪ್ಪಾಯ್ತು ಯಜಮಾನ್ರೇ,” ಉಮಾಶಂಕರ ಕೈಮುಗಿಯುತ್ತಿದ್ದ. ಅವನ ಮುಂದೆ ಫೋನು ಅಷ್ಟಗಲ ತೆರೆದುಕೊಂಡು ಬೆಳಗುತ್ತಿತ್ತು. “ಈ ಬೆರಳನ್ನ ಮೊದ್ಲೇ ಇದ್ರೊಳಗೆ ಸೇರ್ಸವ್ರೆ. ನಿಮ್ಗೆ ಪಾಸ್‌ವರ್ಡೇ ಬೇಕಾಗಿಲ್ಲ.”

ಚಲುವಯ್ಯ ಒಳಗೆ ನೋಡಲಿಲ್ಲ. ಫೋನನ್ನು ಮಗುಚಿ, ಚಿಟ್ಟೆ ಮೇಲಾಗುವಂತೆ ಜೇಬಿಗಿಳಿಸಿ, ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡ. ಸ್ಪಿರಿಟ್ಟಿನ ಘಾಟಿನ ಅಡಿಯಿಂದ, ಜಗಲಿಯ ಆ ನಿಂಬೆಹೋಳಿನ ವಾಸನೆ ಬರುತ್ತಿತ್ತು.