ಅಕ್ಕನ ಹೆಸರು

"ನಿನ್ನ ಹೆಸರೇನು?"

"ಸತ್ಯ... ಬಂಗಾರಮ್ಮ."

ನಾಗೇಶ ಹಣೆ ಚಚ್ಚಿಕೊಂಡ. ಅಮೆರಿಕದ ವೀಸಾ ಸಂದರ್ಶನಕ್ಕೆ ಇನ್ನು ವಾರವಷ್ಟೇ ಇತ್ತು. ಶಿವಮೊಗ್ಗದ ನವುಲೆಯ ಬಾಡಿಗೆ ಮನೆಯಲ್ಲಿ, ತಾಲೀಮಿಗೆಂದು ಅವನು ಆಫೀಸರನಾಗಿ ಕುರ್ಚಿ ಏರಿದ್ದ. ಹೆಂಡತಿ ಸತ್ಯಭಾಮಾ ಎದುರಿಗೆ ಕಟಕಟೆಯಲ್ಲಿ ನಿಂತವಳಂತೆ ನಿಂತಿದ್ದಳು.

"ಯೋಚ್ನೆ ಮಾಡ್ಬಾರ್ದು ಮಾರಾಯ್ತಿ. ಕೇಳಿದ ತಕ್ಷಣ ಬಾಯಿಗೆ ಬರ್ಬೇಕು. ಇನ್ನೊಂದು, ಅಲ್ಲಿ ನನ್ನನ್ನ ಭಾವ ಅಂತ ಮಾತ್ರ ಕರೀಬೇಡ."

ಕರೆಯಬಾರದೆಂದು ಅವಳಿಗೂ ಗೊತ್ತು. ಆದರೆ ಅಕ್ಕನ ಮದುವೆಯ ದಿನದಿಂದ ಭಾವ ಎಂದು ರೂಢಿಯಾದ ನಾಲಿಗೆ, ಅವನೇ ತಾಳಿ ಕಟ್ಟಿದ ಮಾತ್ರಕ್ಕೆ ಬೇರೆ ಹಾದಿ ಹಿಡಿಯುವುದಿಲ್ಲ. ಬಂಗಾರಮ್ಮ ಸತ್ಯಭಾಮಳ ಅಕ್ಕ. ಕಾಮಾಲೆಯಾಗಿ ಹೊಳೆಹೊನ್ನೂರಿನ ತವರಿನಲ್ಲಿ ತೀರಿಕೊಂಡಿದ್ದಳು. ಅವಳ ಮಗು ಕವನ ಕಂಡವರ ಕೈಗೆ ಬೀಳಬಾರದೆಂದು ಹಿರಿಯರು ತಂಗಿಯನ್ನೇ ನಾಗೇಶನಿಗೆ ಕೊಟ್ಟು, ಕೋಟೆಯ ದೇವಸ್ಥಾನದಲ್ಲಿ ಧಾರೆ ಎರೆದರು. ಅಂದು ತಾಯಿ ಚೌಡಮ್ಮ ಒಂದು ಪುಟ್ಟ ಪದಕ ತಂದು, ಅಕ್ಕನ ಹೆಸರಿನಲ್ಲಿ ತಾಳಿಯ ಪಕ್ಕ ಪೋಣಿಸಿಕೋ ಎಂದಿದ್ದಳು. ಸತ್ತ ಸವತಿಗೆ ಸಲ್ಲಬೇಕಾದ ಮರ್ಯಾದೆ ಅದು.

ಅಷ್ಟಕ್ಕೇ ಮುಗಿದಿದ್ದರೆ ಅದು ಹತ್ತು ಮನೆಯಲ್ಲಿ ನಡೆಯುವ ಸಂಗತಿ. ಆದರೆ ನಾಗೇಶನ ಅಣ್ಣ ಓಂಕಾರಪ್ಪ ಅಮೆರಿಕದಲ್ಲಿ ವೆಲ್ಡರ್ ಆಗಿದ್ದ. ನಾಗೇಶ ಬಂಗಾರಮ್ಮನನ್ನು ಮದುವೆಯಾದ ಹೊಸತರಲ್ಲೇ ಅವನು ತಮ್ಮನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದ. ಅಂಥ ಅರ್ಜಿಗಳ ಸಾಲಿನಲ್ಲಿ ಸರದಿ ಬರಲು ವರ್ಷಗಟ್ಟಲೆ ಕಾಯಬೇಕಿತ್ತು. ಅದರಲ್ಲಿ ಹೆಂಡತಿ ಎಂದಿದ್ದ ಕಡೆ ಬಂಗಾರಮ್ಮನ ಹೆಸರು ಬರೆದಿದ್ದ. ಸಾವಿನ ಸುದ್ದಿ ಹೇಳಲು ನಾಗೇಶ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದಾಗ ಓಂಕಾರಪ್ಪ ಅತ್ತ. ಕೊನೆಗೆ, ಹೆಸರು ಬದಲಾದರೆ ಮತ್ತೆ ಸಾಲಿನ ಹಿಂದಿನಿಂದ ಕಾಯಬೇಕಾಗುತ್ತೋ ಏನೋ ಎಂದ. ನಾಗೇಶನಿಗೆ ಅಷ್ಟು ಸಾಕಾಯಿತು. ಭದ್ರಾವತಿಯ ಕಾರ್ಖಾನೆ ಸ್ವಯಂ ನಿವೃತ್ತಿಯ ಹೆಸರಿನಲ್ಲಿ ಅವನನ್ನು ಮನೆಗೆ ಕಳಿಸಿತ್ತು. ಮಗಳ ಓದಿಗೂ ಸಂಸಾರಕ್ಕೂ ಅಮೆರಿಕವೊಂದೇ ದಾರಿ ಎಂದು ಅವನು ನಂಬಿದ್ದ.

ತಿಳಿದವರನ್ನು ಯಾರನ್ನಾದರೂ ಕೇಳೋಣ ಎಂದು ಸತ್ಯಭಾಮಾ ಒಮ್ಮೆ ಅಂದು ನೋಡಿದಳು.

"ಕೇಳಿದ್ರೆ ನಾವಾಗೇ ಸಿಕ್ಕಾಕೊಂಡ ಹಾಗೆ" ಎಂದು ಅವನು ಬಾಯಿ ಮುಚ್ಚಿಸಿದ.

ಹೀಗೆ ಬಂಗಾರಮ್ಮ ಸತ್ತೂ ಸಾಯಲಿಲ್ಲ. ಅವಳ ಸಾವನ್ನು ಎಲ್ಲೂ ಬರೆಸಲಿಲ್ಲ. ಭದ್ರಾವತಿಯಲ್ಲಿ ಎಲ್ಲರಿಗೂ ವಿಷಯ ಗೊತ್ತಿದೆಯೆಂದು ಮನೆಯನ್ನೇ ಶಿವಮೊಗ್ಗಕ್ಕೆ ಬದಲಾಯಿಸಿದರು. ವರ್ಷದ ತಿಥಿ ಮಾಡಲಿಲ್ಲ. ಫೋಟೋ ಗೋಡೆ ಏರಲಿಲ್ಲ, ಟ್ರಂಕಿನಲ್ಲಿ ಹಳೆಯ ಸೀರೆಗಳ ಅಡಿ ಸೇರಿತು. ಪಾಸ್‌ಪೋರ್ಟಿಗೂ ನೆರೆಹೊರೆಗೂ ಸತ್ಯಭಾಮಾ ಬಂಗಾರಮ್ಮನಾದಳು. ಅಕ್ಕನ ಗಂಡ, ಅಕ್ಕನ ಮಗಳು, ಅಕ್ಕನ ಒಲೆ, ಕೊನೆಗೆ ಅಕ್ಕನ ಹೆಸರನ್ನೂ ಕಿತ್ತುಕೊಂಡೆನಲ್ಲ ಎಂದು ಅವಳಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಪಕ್ಕದ ಮನೆಯವರು ಬಂಗಾರಮ್ಮನೋರೇ ಎಂದರೆ ಸಾಕು, ಓಗೊಡುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡುತ್ತಿದ್ದಳು.

ಕವನಳೂ ಪಾಠ ಕಲಿತಳು. ಮೊದಮೊದಲು ಚಿಕ್ಕಮ್ಮ ಎಂದಾಗಲೆಲ್ಲ ಅಪ್ಪ ಗದರುತ್ತಿದ್ದ. ಒಂದು ಸಲ ಅಮ್ಮನ ಫೋಟೋ ಬೇಕೆಂದು ರಚ್ಚೆ ಹಿಡಿದಳು. ಅಮೆರಿಕಕ್ಕೆ ಹೋದಮೇಲೆ ದೊಡ್ಡದು ಮಾಡಿಸಿ ಹಾಕೋಣ ಎಂದು ಸತ್ಯಭಾಮಾ ರಮಿಸಿದಳು. ಆಮೇಲೆ ಹುಡುಗಿ ಕೇಳುವುದನ್ನೇ ಬಿಟ್ಟಳು.

ಚೆನ್ನೈನ ಅಮೆರಿಕನ್ ಕಚೇರಿಯಲ್ಲಿ ಗಾಜಿನಾಚೆ ಒಬ್ಬ ಬಿಳಿಯ ಆಫೀಸರ್, ಅವನ ಪಕ್ಕದಲ್ಲಿ ಕನ್ನಡ ಬಲ್ಲ ಒಬ್ಬ ಹೆಂಗಸು. ಬಲಗೈ ಎತ್ತಿಸಿ, ಸತ್ಯವನ್ನೇ ಹೇಳುತ್ತೇವೆಂದು ಪ್ರಮಾಣ ಮಾಡಿಸಿದರು. ಸತ್ಯಭಾಮಾ ಅಕ್ಕನ ಹೆಸರು, ಅಕ್ಕ ಹುಟ್ಟಿದ ದಿನ, ಅಕ್ಕನ ಮದುವೆಯ ದಿನ ಎಲ್ಲವನ್ನೂ ಎಡವದೆ ಒಪ್ಪಿಸಿದಳು. ನಾಗೇಶನ ಮುಖಕ್ಕೆ ಕಳೆ ಬಂತು. ಸಹಿ ಹಾಕಲು ಪೆನ್ನು ತೆಗೆದ ಆಫೀಸರ್, ಹುಡುಗಿಯನ್ನು ಮಾತಾಡಿಸುವುದು ಮರೆತೆ ಎಂಬಂತೆ ಅವಳತ್ತ ನೋಡಿ ನಕ್ಕ. ಸತ್ಯಭಾಮಳತ್ತ ಕೈ ತೋರಿಸಿ, ಇವರು ಯಾರು ಪುಟ್ಟಾ ಎಂದು ಹೆಂಗಸು ಕೇಳಿದಳು.

"ನಮ್ಮಮ್ಮ. ಬಂಗಾರಮ್ಮ."

ಹುಡುಗಿ ತಡವರಿಸಲಿಲ್ಲ, ಕಣ್ಣು ತಗ್ಗಿಸಲಿಲ್ಲ. ಸತ್ಯಭಾಮಾ ಅವಳನ್ನೇ ನೋಡಿದಳು. ಹೆತ್ತವಳನ್ನು ಮಗಳ ಬಾಯಿಂದಲೇ ಅಳಿಸಿಹಾಕಿಸಿದ್ದು ತಾನು. ಅವಳ ಕೈ ತಾಳಿಯ ಪಕ್ಕದ ಪದಕವನ್ನು ಹುಡುಕಿ ಹಿಡಿಯಿತು.

"ಅಲ್ಲ ಮೇಡಂ. ನಾನು ಸತ್ಯಭಾಮಾ. ಬಂಗಾರಮ್ಮ ನಮ್ಮಕ್ಕ, ತೀರ್ಕೊಂಡ್ಲು. ಇವಳನ್ನ ಹೆತ್ತೋಳು ಅವ್ಳು. ಅವ್ಳು ಹೋದ್ಮೇಲೆ ಇವರು ನನ್ನನ್ನ ಮದ್ವೆ ಆದ್ರು."

ನಾಗೇಶ ಗೋಡೆಗೆ ಒರಗಿದ. ಹೆಂಗಸು ಆಫೀಸರನ ಕಿವಿಯಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಅವನು ಪೆನ್ನಿನ ಮುಚ್ಚಳ ಹಾಕಿದ. ಸುಳ್ಳು ಪಾಸ್‌ಪೋರ್ಟು, ಪ್ರಮಾಣ ಮಾಡಿ ಹೇಳಿದ ಸುಳ್ಳು. ಇಂದಷ್ಟೇ ಅಲ್ಲ, ಮುಂದೆಯೂ ವೀಸಾದ ಆಸೆ ಇಟ್ಟುಕೊಳ್ಳಬೇಡಿ ಎಂದು ಹೆಂಗಸು ಅವನ ಮಾತನ್ನು ಕನ್ನಡಕ್ಕೆ ತಂದಳು.

ಕವನ ಸೆರಗು ಜಗ್ಗಿದಳು. "ಚಿಕ್ಕಮ್ಮ, ಇನ್ನು ಅಮ್ಮನ ಫೋಟೋ ಗೋಡೆಗೆ ಹಾಕ್ಬೋದಾ?"

ಸತ್ಯಭಾಮಾ ಹೂಂ ಎಂದಳು. ಅಮೆರಿಕ ಹೋದರೆ ಹೋಯಿತು, ಅಕ್ಕನ ಹೆಸರು ಅಕ್ಕನಿಗೆ ಮರಳಿತು ಎಂದು ಎಷ್ಟೋ ವರ್ಷದ ಮೇಲೆ ಅವಳ ಎದೆ ಹಗುರಾಯಿತು. ಹೊರಡುವ ಮುಂಚೆ ಹೆಂಗಸಿಗೆ ಕೈ ಮುಗಿದು, ತಪ್ಪಾಯಿತು, ಸಾಲಿನಲ್ಲಿ ಅಕ್ಕನ ಹೆಸರಿತ್ತು, ಬೇರೆ ದಾರಿಯೇ ಇರಲಿಲ್ಲ ಎಂದಳು.

ಹೆಂಗಸು ಕಾಗದದ ಮೇಲೆ ಬೆರಳಿಟ್ಟು, ಅವಳ ಮುಖವನ್ನೇ ಮರುಕದಿಂದ ನೋಡಿದಳು.

"ಸಾಲಲ್ಲಿ ಇದ್ದದ್ದು ನಿಮ್ಮ ಯಜಮಾನ್ರ ಹೆಸರಮ್ಮ. ನೀವು ಅವರ ಈಗಿನ ಹೆಂಡತಿ ಸತ್ಯಭಾಮಾ ಅಂತ್ಲೇ ಬಂದಿದ್ರೆ, ನಿಮಗೂ ಇವತ್ತೇ ವೀಸಾ ಸಿಕ್ತಿತ್ತು."