ಎರಡನೆಯ ಜೋಡಿ ಸ್ಪೀಕರ್

ಶ್ರವಣ್ ಮತ್ತೆ ಮೊದಲ ಜೋಡಿ ಸ್ಪೀಕರಿನ ವಯರ್ ಕಿತ್ತ. ಎರಡು ಜೋಡಿಯೂ ಅಗ್ಗದವೇ. ಒಂದನ್ನು ಇವತ್ತೇ ಸಂತೆಕಟ್ಟೆಯ ಅಂಗಡಿಗೆ ಹಿಂದಿರುಗಿಸಬೇಕು. ಬೆಳಗ್ಗಿನಿಂದ ಅದೇ ಯಕ್ಷಗಾನದ ಪದ ಹಾಕಿ ಹಾಕಿ ತಲೆ ಕೆಟ್ಟುಹೋಗಿತ್ತು. ಅಪ್ಪನ ಎದುರು ಬಂದು ನಿಂತ.

"ಪಪ್ಪ, ಈಗ ಎರಡನೆಯದ್ದು ಹಾಕ್ತೇನೆ. ಹೇಗುಂಟು, ನೀವೇ ಹೇಳಿ."

ಮೇಳದಲ್ಲಿ ಚೆಂಡೆ ಬಾರಿಸಿಯೇ ಮುದುಕರಾದ ಅಪ್ಪ, ಅಣ್ಣು ಶೇರಿಗಾರರು, ಕಣ್ಣು ಮುಚ್ಚಿದರು. ಶ್ರುತಿ ಕೂದಲೆಳೆಯಷ್ಟು ಇಳಿದರೂ ಹಿಡಿಯುವ ಕಿವಿ ಅವರದು. ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು.

"ಇದೇ ಇರಲಿ ಮಾರಾಯ. ಚೆಂಡೆ ಚೆನ್ನಾಗಿ ಕೇಳ್ತಾ ಉಂಟು."

ಶ್ರವಣ್ ತಿರುಗಿ ನೋಡಿದ. ಎರಡನೆಯ ಜೋಡಿಯ ವಯರ್ ಇನ್ನೂ ಸಿಕ್ಕಿಸದೆ ಅವನ ಕೈಯಲ್ಲೇ ಇತ್ತು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

"ನಿಲ್ಲಿಸಬೇಡ," ಎಂದರು ಅಪ್ಪ, ಕಣ್ಣು ತೆರೆಯದೆ. "ಪದ ಮುಗಿಯಲಿ."